ಉಂಡ ಮನೆಯ ಜಂತೆ ಎಣಿಸಿದವರು

2010ರ ಜನವರಿಯಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂ ಒಂದು ಕಮ್ಮಟ ಏರ್ಪಡಿಸಿತ್ತು. ಅವಿಧೇಯತೆಯೇ ಇತಿಹಾಸವನ್ನು ಕಟ್ಟುತ್ತದೆ ಎಂಬ ಅರ್ಥ ಬರುವ ಹೆಸರು ಅದಕ್ಕೆ. ಕಲೆಯೂ ಚಳವಳಿಯೂ ಕೂಡಿದರೆ ಏನಾಗಬಹುದು ಎಂದು ಆಸಕ್ತರಿಗೆ ತೋರಿಸಿಕೊಡಲು ‘ಲ್ಯಾಬೊರೇಟರಿ ಆಫ್ ಇನ್ಸರೆಕ್ಷನರಿ ಇಮ್ಯಾಜಿನೇಷನ್’ ಎಂಬ ತಂಡವನ್ನು ಮ್ಯೂಸಿಯಮ್ಮೇ ಕರೆಸಿಕೊಂಡಿತ್ತು. ದಂಗೆಕೋರ ಕಲ್ಪನೆಯ ಪ್ರಯೋಗಶಾಲೆ ಎಂದು ಅದನ್ನು ಕನ್ನಡಕ್ಕೆ ತರಬಹುದು. ಇಂಥ ಹೆಸರಿನವರನ್ನು ಮನೆಗೆ ಕರೆದರು ಎಂದರೆ ಮ್ಯೂಸಿಯಮ್ಮಿನವರಿಗೆ ಧೈರ್ಯ ಇತ್ತು ಎನ್ನಬೇಕು. ಇಲ್ಲವೇ, ದಂಗೆಯನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಬಹುದು ಎಂಬ ನಂಬಿಕೆ ಇತ್ತು.

ಕಮ್ಮಟಕ್ಕೆ ಮುಂಚೆ ಮ್ಯೂಸಿಯಂ ಕಡೆಯಿಂದ ತಂಡಕ್ಕೊಂದು ಇಮೇಲ್ ಬಂತು. ಟೇಟ್ ವಿರುದ್ಧವಾಗಲಿ, ಟೇಟ್‌ನ ಪ್ರಾಯೋಜಕರ ವಿರುದ್ಧವಾಗಲಿ ಯಾವ ಚಟುವಟಿಕೆಯೂ ಇಲ್ಲಿ ಕೂಡದು ಎಂಬುದು ಅದರ ಸಾರ. ಪ್ರಾಯೋಜಕರಲ್ಲಿ ಎದ್ದು ಕಾಣುವ ಹೆಸರು ಬಿಪಿ, ಅಂದರೆ ಹಿಂದಿನ ಬ್ರಿಟಿಷ್ ಪೆಟ್ರೋಲಿಯಂ. 1990ರಿಂದಲೂ ಅದು ಟೇಟ್‌ಗೆ ಹಣ ಕೊಡುತ್ತಿತ್ತು. ತಂಡದವರು ಇಮೇಲನ್ನು ಬಚ್ಚಿಡದೆ ಕಮ್ಮಟಕ್ಕೆ ಬಂದವರ ಮುಂದೆ ಇಟ್ಟು, ಇದನ್ನು ಪಾಲಿಸೋಣವೇ ಎಂದು ಕೇಳಿದರು. ಅವಿಧೇಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯ ಎಲ್ಲಿ ಸಿಕ್ಕೀತು? ಕಮ್ಮಟ ಮುಗಿಯುವ ಹೊತ್ತಿಗೆ ಮ್ಯೂಸಿಯಮ್ಮಿನ ಮೇಲಂತಸ್ತಿನ ಕಿಟಕಿಗಳಲ್ಲಿ ದೊಡ್ಡ ಅಕ್ಷರಗಳು ಕಾಣಿಸಿಕೊಂಡವು: ‘ಆರ್ಟ್ ನಾಟ್ ಆಯಿಲ್’. ಕಲೆ ಸಾಕು, ಎಣ್ಣೆ ಬೇಡ. ಅಲ್ಲಿ ಸೇರಿದ್ದವರಲ್ಲಿ ಕೆಲವರು ಕಟ್ಟಿಕೊಂಡ ಗುಂಪೇ ‘ಲಿಬರೇಟ್ ಟೇಟ್’. ಮುಂದಿನ ಆರು ವರ್ಷ ಈ ಗುಂಪು ಕರೆಯದೇ ಬರುವ ಅತಿಥಿಯಂತೆ ಟೇಟ್‌ನ ಎರಡೂ ಕಟ್ಟಡಗಳಿಗೆ ಹೋಗಿ ಬಂದು ಮಾಡಿತು.

ಹವಾಮಾನ ಬಿಕ್ಕಟ್ಟಿಗೆ ಕಲೆ ಹೇಗೆ ಸ್ಪಂದಿಸಬೇಕು ಎಂದು ಕೇಳಿದರೆ ಥಟ್ಟನೆ ನೆನಪಿಗೆ ಬರುವುದು ಕರಗುವ ಹಿಮಗಡ್ಡೆ, ಬಿರುಕುಬಿಟ್ಟ ಕೆರೆಯಂಗಳದ ಫೋಟೊ, ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡಿದ ತಿಮಿಂಗಿಲ. ನೋಡಿದವರು ನಿಟ್ಟುಸಿರಿಡುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ಲಿಬರೇಟ್ ಟೇಟ್‌ನವರು ಕಣ್ಣಿಟ್ಟದ್ದು ಚಿತ್ರದ ಮೇಲಲ್ಲ, ಚಿತ್ರ ನೇತುಹಾಕಿದ ಗೋಡೆಯ ಮೇಲೆ. ಆ ಗೋಡೆಯ ಮೇಲೆ ಯಾರ ಹೆಸರಿದೆ, ಆ ಹೆಸರಿಗೆ ಕೊಟ್ಟ ಬೆಲೆ ಎಷ್ಟು, ಆ ಬೆಲೆಗೆ ಸಿಕ್ಕಿದ್ದೇನು?

ಕನ್ನಡದಲ್ಲಿ ಇದನ್ನು ಹೇಳಲು ಒಂದು ಪದ ಸಿದ್ಧವಾಗಿದೆ: ಹಂಗು. ಋಣ ಬೇರೆ, ಹಂಗು ಬೇರೆ. ಋಣಕ್ಕೆ ಲೆಕ್ಕವಿದೆ, ಈ ಜನ್ಮದಲ್ಲಲ್ಲದಿದ್ದರೆ ಮುಂದಿನ ಜನ್ಮದಲ್ಲಾದರೂ ತೀರುತ್ತದೆ. ಹಂಗಿಗೆ ಲೆಕ್ಕವಿಲ್ಲ, ಅದು ನಾಲಗೆಯ ಮೇಲೆ ಕೂರುತ್ತದೆ. ಕೊಟ್ಟವನು ಏನೂ ಹೇಳಬೇಕಾಗಿಲ್ಲ, ತೆಗೆದುಕೊಂಡವನೇ ಮಾತು ನುಂಗುತ್ತಾನೆ. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆ ಹುಟ್ಟಿದ್ದು ಇದರಿಂದಲೇ. ಇಮೇಲ್ ಕಳಿಸಿ ಎಂದು ಬಿಪಿ ಹೇಳಿರಬೇಕೆಂದೇನೂ ಇಲ್ಲ. ಹಂಗು ಕೆಲಸ ಮಾಡುವುದು ಹಾಗೆಯೇ, ಹೇಳಿಸಿಕೊಳ್ಳದೆ.

ಈ ಮನೆಯ ಜಂತೆಗಳೂ ಎಣಿಸುವಂಥವೇ. ಟೇಟ್ ಎಂಬ ಹೆಸರು ಬಂದದ್ದು ಸಕ್ಕರೆ ವ್ಯಾಪಾರಿ ಹೆನ್ರಿ ಟೇಟ್‌ನಿಂದ. ಕಚ್ಚಾ ಸಕ್ಕರೆಯನ್ನು ಶುದ್ಧಗೊಳಿಸಿ, ಅಚ್ಚುಕಟ್ಟಾದ ಚೌಕ ತುಂಡುಗಳಾಗಿ ಮಾರಿ ಶ್ರೀಮಂತನಾದವನು. ತನ್ನ ಚಿತ್ರಸಂಗ್ರಹವನ್ನೂ ಗ್ಯಾಲರಿ ಕಟ್ಟಲು ಹಣವನ್ನೂ ದೇಶಕ್ಕೆ ಕೊಟ್ಟ. ಮಿಲ್‌ಬ್ಯಾಂಕ್ ಎಂಬಲ್ಲಿ ಹಳೆಯ ಜೈಲೊಂದನ್ನು ಕೆಡವಿದ ಜಾಗದಲ್ಲಿ 1897ರಲ್ಲಿ ಗ್ಯಾಲರಿ ತೆರೆಯಿತು. ಅದೇ ಇಂದಿನ ಟೇಟ್ ಬ್ರಿಟನ್. ಹೆನ್ರಿ ಟೇಟ್ ಹುಟ್ಟಿದ್ದು 1819ರಲ್ಲಿ, ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದುಮಾಡುವ ಕಾಯ್ದೆ ತಂದದ್ದು 1833ರಲ್ಲಿ, ಆದ್ದರಿಂದ ಆತ ಗುಲಾಮರ ಒಡೆಯನಾಗಿರಲಿಲ್ಲ ಎಂದು ಮ್ಯೂಸಿಯಂ ಹೇಳುತ್ತದೆ. ನಿಜ. ಆದರೆ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳನ್ನು ಎಬ್ಬಿಸಿದ ಕೈಗಳು ಯಾರವು ಎಂಬುದೂ ಅಷ್ಟೇ ನಿಜ.

ಎರಡನೆಯ ಕಟ್ಟಡ, ಥೇಮ್ಸ್ ನದಿಯ ದಕ್ಷಿಣ ದಡದ ಟೇಟ್ ಮಾಡರ್ನ್, ಮೊದಲು ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರವಾಗಿತ್ತು. ಲಂಡನ್ನಿನ ಕೆಂಪು ಟೆಲಿಫೋನ್ ಗೂಡನ್ನು ರೂಪಿಸಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಇದರ ವಾಸ್ತುಶಿಲ್ಪಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಲ್ಲಿದ್ದಲಿನ ಕೊರತೆ ಬಿಗಿಯಾಗಿದ್ದ ಕಾಲದಲ್ಲಿ, ಎಣ್ಣೆ ಉರಿಸಿ ವಿದ್ಯುತ್ ಮಾಡುವ ಸ್ಥಾವರವಾಗಿ ಇದನ್ನು ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ನಡೆಸುವುದು ದುಬಾರಿಯಾಯಿತು, 1981ರಲ್ಲಿ ಮುಚ್ಚಿತು. 2000ದಲ್ಲಿ ಅದು ಮ್ಯೂಸಿಯಮ್ಮಾಗಿ ಬಾಗಿಲು ತೆರೆದಾಗ ಒಳಗಿನ ಯಂತ್ರಗಳನ್ನೆಲ್ಲ ತೆಗೆದ ದೊಡ್ಡ ಹಜಾರಕ್ಕೆ ಹಳೆಯ ಹೆಸರೇ ಉಳಿಯಿತು: ಟರ್ಬೈನ್ ಹಾಲ್. ಸಕ್ಕರೆಯ ಹೆಸರು, ಎಣ್ಣೆಯ ಕಟ್ಟಡ. ಮೇಲೆ ಎಣ್ಣೆ ಕಂಪನಿಯ ಪ್ರಾಯೋಜನೆ.

ಆ ಎಣ್ಣೆ ಕಂಪನಿಯ ಬೇರು ಭಾರತದ ಕಡೆಗೂ ಚಾಚಿದೆ. 1886ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಬರ್ಮಾ ಆಯಿಲ್ ಕಂಪನಿ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ಬರ್ಮಾದಲ್ಲಿ ಎಣ್ಣೆ ತೆಗೆದು ಬೆಳೆಯಿತು. ಅದರ ಹಣದ ಬೆಂಬಲದಿಂದಲೇ 1908ರಲ್ಲಿ ಪರ್ಷಿಯಾದ ಎಣ್ಣೆ ಚಿಮ್ಮಿದ್ದು, 1909ರಲ್ಲಿ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿದ್ದು. ಅದೇ 1954ರಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಆಯಿತು. ಬರ್ಮಾ ಆಯಿಲ್‌ನ ಇನ್ನೊಂದು ಕೊಂಬೆ ಬರ್ಮಾ-ಶೆಲ್. ಮುಂಬಯಿಯ ಮಾಹುಲ್‌ನಲ್ಲಿದ್ದ ಅದರ ರಿಫೈನರಿಯನ್ನು 1976ರಲ್ಲಿ ಭಾರತ ಸರ್ಕಾರ ವಶಪಡಿಸಿಕೊಂಡ ಮೇಲೆ ಅದು ಭಾರತ್ ಪೆಟ್ರೋಲಿಯಂ ಆದ ಕತೆ ಚೆಂಬೂರು ಕಡೆಯ ಹಳಬರಿಗೆ ಗೊತ್ತು. ಎಣ್ಣೆಯ ವಂಶವೃಕ್ಷ ಬರೆಯಲು ಕೂತರೆ ನಮ್ಮ ಸ್ಕೂಟರಿನ ಟ್ಯಾಂಕಿಗೂ ಒಂದು ಗೆರೆ ಬಂದು ಸೇರುತ್ತದೆ.

ಇಷ್ಟೆಲ್ಲ ಇತಿಹಾಸ ಗೋಡೆಯೊಳಗೇ ಇದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಣ್ಣಿಗೆ ಬೀಳುವಂತೆ ಮಾಡಿದ್ದು ಒಂದು ಸ್ಫೋಟ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಬಿಪಿಗಾಗಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ ಸಿಡಿಯಿತು. 11 ಕೆಲಸಗಾರರು ಸತ್ತರು. ಸಮುದ್ರತಳದ ಬಾವಿಯ ಬಾಯಿ ಮುಚ್ಚಲು 87 ದಿನ ಹಿಡಿಯಿತು. ಅಷ್ಟರಲ್ಲಿ ಸುಮಾರು 49 ಲಕ್ಷ ಬ್ಯಾರೆಲ್ ಎಣ್ಣೆ ಹೊರಬಂದಿತ್ತು ಎಂದು ಅಮೆರಿಕ ಸರ್ಕಾರದ ಅಂದಾಜು. ಎಣ್ಣೆ ಮೆತ್ತಿದ ಪೆಲಿಕನ್ ಹಕ್ಕಿಗಳ ಚಿತ್ರಗಳು ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಬಂದವು. ಬಾವಿ ಇನ್ನೂ ಉಕ್ಕುತ್ತಿರುವಾಗಲೇ, ಅದೇ ಜೂನ್ ತಿಂಗಳಲ್ಲಿ, ಟೇಟ್ ಬ್ರಿಟನ್ನಿನಲ್ಲಿ ಬೇಸಿಗೆಯ ಔತಣಕೂಟ ಏರ್ಪಾಟಾಗಿತ್ತು. ಸಂದರ್ಭ: ಬಿಪಿ ಪ್ರಾಯೋಜನೆಗೆ 20 ವರ್ಷ ತುಂಬಿದ ಸಂಭ್ರಮ. ಮ್ಯೂಸಿಯಂ ಮುಂದೂಡಲಿಲ್ಲ. ಸ್ನೇಹಿತರಿಗೆ ತಾತ್ಕಾಲಿಕ ತೊಂದರೆ ಬಂದಾಗ ಕೈಬಿಡುವುದು ಸರಿಯಲ್ಲ ಎಂಬರ್ಥದ ಮಾತನ್ನು ನಿರ್ದೇಶಕ ನಿಕೊಲಸ್ ಸೆರೋಟಾ ಆಡಿದರು. ಟೇಟ್‌ನ ಧರ್ಮದರ್ಶಿ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಆಗ ಕೂತಿದ್ದವರು ಜಾನ್ ಬ್ರೌನ್, ಬಿಪಿಯ ಮಾಜಿ ಮುಖ್ಯಸ್ಥ.

ಔತಣದ ಸಂಜೆ ಕಪ್ಪು ಬಟ್ಟೆ ತೊಟ್ಟು ಮುಖಕ್ಕೆ ಕಪ್ಪು ಪರದೆ ಹಾಕಿಕೊಂಡ ಕೆಲವರು ಬಿಪಿ ಲಾಂಛನದ ಬಕೆಟ್ಟುಗಳನ್ನು ಹಿಡಿದು ಬಂದು ಬಾಗಿಲ ಮುಂದೆ ಕಪ್ಪನೆಯ ಮಂದ ದ್ರವ ಸುರಿದರು, ಅದರ ಮೇಲೆ ಹಕ್ಕಿಗಳ ಪುಕ್ಕ ಎರಚಿದರು. ಒಳಗೆ ಅತಿಥಿಗಳ ಮಧ್ಯೆ ಹೂವಿನ ಚಿತ್ತಾರದ ದೊಗಲೆ ಫ್ರಾಕು ತೊಟ್ಟಿದ್ದ ಇಬ್ಬರು ಮಹಿಳೆಯರಿದ್ದರು. ಹೆಸರು ಕೇಳಿದವರಿಗೆ ಟೋನಿ, ಬಾಬಿ. (ಬಿಪಿಯ ಆಗಿನ ಮುಖ್ಯಸ್ಥ ಟೋನಿ ಹೇವರ್ಡ್, ಆತನ ನಂತರ ಆ ಕುರ್ಚಿಗೆ ಬಂದವರು ಬಾಬ್ ಡಡ್ಲಿ.) ನೋಡನೋಡುತ್ತ ಆ ಫ್ರಾಕುಗಳ ಅಡಿಯಿಂದ ಕಪ್ಪು ದ್ರವ ಸೋರತೊಡಗಿತು. ಅಯ್ಯೋ, ಸಣ್ಣ ಸೋರಿಕೆ, ಈಗ ಸರಿಮಾಡುತ್ತೇವೆ ಎನ್ನುತ್ತ ಇಬ್ಬರೂ ನೆಲ ಒರೆಸುವ ನಟನೆ ಮಾಡುತ್ತ ಇನ್ನಷ್ಟು ಹರಡಿದರು.

ಸುರಿದದ್ದು ಎಣ್ಣೆಯಲ್ಲ, ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಅಂಟಂಟು ಕಪ್ಪು ಪಾಕ. ಮಂಡ್ಯ, ಬೆಳಗಾವಿ, ಕೊಲ್ಹಾಪುರದ ಕಡೆಯವರಿಗೆ ಅದರ ವಾಸನೆ ಹೇಳಿಕೊಡಬೇಕಾಗಿಲ್ಲ. ತೊಳೆದರೆ ಹೋಗುತ್ತದೆ, ಯಾರಿಗೂ ಅಪಾಯವಿಲ್ಲ ಎಂಬ ಕಾರಣಕ್ಕೆ ಅದನ್ನು ಆರಿಸಿಕೊಂಡಿರಬೇಕು. ಆದರೆ ಸಕ್ಕರೆಯ ದುಡ್ಡಿನಲ್ಲಿ ಎದ್ದ ಮನೆಯ ಹೊಸ್ತಿಲಿಗೆ ಬಂದು ಬಿದ್ದದ್ದು ಸಕ್ಕರೆಯದೇ ಗಸಿ.

ಇವರ ಪದ್ಧತಿ ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಗುತ್ತ ಹೋಯಿತು. ಕೂಗಾಟ ಇಲ್ಲ. ಫಲಕ ಹಿಡಿಯುವುದಿಲ್ಲ. ಯಾವ ಕಲಾಕೃತಿಗೂ ಕೈ ತಾಗಿಸುವುದಿಲ್ಲ. ಹೆಸರು ಹೇಳಿಕೊಳ್ಳುವುದಿಲ್ಲ. 2022ರಲ್ಲಿ ನ್ಯಾಷನಲ್ ಗ್ಯಾಲರಿಯಲ್ಲಿ ವ್ಯಾನ್ ಗೋನ ಸೂರ್ಯಕಾಂತಿ ಚಿತ್ರದ ಗಾಜಿನ ಮೇಲೆ ಟೊಮೆಟೊ ಸೂಪು ಎರಚಿದ ಸುದ್ದಿ ನಮ್ಮ ಟೀವಿಗಳಲ್ಲೂ ಬಂದಿತ್ತು. ಹವಾಮಾನ ಹೋರಾಟಗಾರರೆಂದರೆ ಚಿತ್ರ ಕೆಡಿಸುವವರು ಎಂಬ ಗ್ರಹಿಕೆ ಬೆಳೆದದ್ದು ಅಲ್ಲಿಂದ. ಲಿಬರೇಟ್ ಟೇಟ್ ಅದಕ್ಕೆ ಪೂರ್ತಿ ತದ್ವಿರುದ್ಧ. ಅವರು ಮ್ಯೂಸಿಯಮ್ಮಿನ ಭಾಷೆಯಲ್ಲೇ ಮಾತಾಡಿದರು. ಪರ್ಫಾರ್ಮೆನ್ಸ್ ಆರ್ಟ್ ಎಂಬುದನ್ನು ಟೇಟ್ ಗೌರವಿಸುತ್ತದಲ್ಲವೇ, ಹಾಗಾದರೆ ಇಗೋ ಎಂದು.

2011ರ ಏಪ್ರಿಲ್ 20, ಸ್ಫೋಟದ ಮೊದಲ ವರ್ಷಾಬ್ದಿ. ಟೇಟ್ ಬ್ರಿಟನ್ನಿನ ನಟ್ಟನಡುವಿನ ಡುವೀನ್ ಗ್ಯಾಲರಿಯಲ್ಲಿ ಮನುಷ್ಯದೇಹದ ಶಿಲ್ಪಗಳ ಪ್ರದರ್ಶನ ನಡೆಯುತ್ತಿತ್ತು, ಬಿಪಿಯ ಹೆಸರಿನಡಿಯಲ್ಲಿ. ಅದೇ ಶಿಲ್ಪಗಳ ನಡುವೆ ಒಬ್ಬ ವ್ಯಕ್ತಿ ಬಟ್ಟೆ ಕಳಚಿ ನೆಲದ ಮೇಲೆ ಮುದುಡಿ ಮಲಗಿದ. ಪರದೆ ಹಾಕಿದ ಇಬ್ಬರು ಹಸಿರು ಕ್ಯಾನುಗಳಿಂದ ಅವನ ಮೇಲೆ ಕಪ್ಪು ದ್ರವ ಸುರಿದರು. ಇದ್ದಿಲಿನ ಪುಡಿಯೂ ಸೂರ್ಯಕಾಂತಿ ಎಣ್ಣೆಯೂ ಬೆರೆಸಿದ್ದು. ಬಿಪಿಯ ಲಾಂಛನ ಹಸಿರು-ಹಳದಿ ಬಣ್ಣದ ಸೂರ್ಯಕಾಂತಿಯಂಥ ಹೂವು ಎಂಬುದನ್ನು ಬಲ್ಲವರು ಆ ಎಣ್ಣೆಯ ಆಯ್ಕೆಗೆ ಮುಗುಳ್ನಕ್ಕಿರಬಹುದು. ಆ ವ್ಯಕ್ತಿ 87 ನಿಮಿಷ ಅಲುಗದೆ ಮಲಗಿದ್ದ. ದಿನಕ್ಕೊಂದು ನಿಮಿಷ. ‘ಹ್ಯೂಮನ್ ಕಾಸ್ಟ್’ ಎಂದು ಅದಕ್ಕೆ ಹೆಸರು. ನೋಡಲು ಬಂದವರಲ್ಲಿ ಇದೂ ಪ್ರದರ್ಶನದ ಭಾಗವೆಂದುಕೊಂಡವರಿದ್ದರೆ ಅವರದೇನೂ ತಪ್ಪಲ್ಲ. ಇತ್ತ ಭದ್ರತಾ ಸಿಬ್ಬಂದಿಯ ಕಷ್ಟ ಊಹಿಸಿಕೊಳ್ಳಬಹುದು: ಕಲಾಕೃತಿಯನ್ನು ಕಾಯುವುದು ಅವರ ಕೆಲಸ, ಇದು ಕಲಾಕೃತಿಯೋ ಅಪರಾಧವೋ ಎಂದು ಯಾರನ್ನು ಕೇಳುವುದು?

2012ರ ಜನವರಿಯಲ್ಲಿ ಬಂದದ್ದು ಮಂಜುಗಡ್ಡೆ. ಆರ್ಕ್ಟಿಕ್‌ನಿಂದ ತಂದ 55 ಕೆಜಿ ತೂಕದ ತುಂಡೊಂದನ್ನು, ಸೇಂಟ್ ಪಾಲ್ಸ್ ಚರ್ಚಿನ ಮುಂದೆ ಆಗ ಡೇರೆ ಹಾಕಿಕೊಂಡು ಕೂತಿದ್ದ ಆಕ್ಯುಪೈ ಚಳವಳಿಯ ಜಾಗದಿಂದ ಎತ್ತಿಕೊಂಡು, ನಾಲ್ವರು ಶವ ಹೊರುವ ಹಾಗೆ ಹೊತ್ತು, ಮಿಲೆನಿಯಂ ಸೇತುವೆ ದಾಟಿ ಟರ್ಬೈನ್ ಹಾಲ್‌ಗೆ ತಂದಿಟ್ಟರು. ಅದು ಅಲ್ಲೇ ಕರಗಿತು. ಅದೇ ವರ್ಷದ ಜುಲೈ 7ರಂದು ಬಂದದ್ದು ಇನ್ನೂ ದೊಡ್ಡದು: ಕೆಲಸ ಮುಗಿಸಿದ ಗಾಳಿಯಂತ್ರವೊಂದರ ರೆಕ್ಕೆ. ಉದ್ದ 16.5 ಮೀಟರ್, ತೂಕ ಒಂದೂವರೆ ಟನ್. ನೂರಕ್ಕೂ ಹೆಚ್ಚು ಜನ ಕೂಡಿ ಅದನ್ನು ಟರ್ಬೈನ್ ಹಾಲ್‌ನ ಇಳಿಜಾರಿನಲ್ಲಿ ತಂದು ಮಲಗಿಸಿದರು. ಜೊತೆಗೊಂದು ಪತ್ರ. 1992ರ ಮ್ಯೂಸಿಯಂ ಮತ್ತು ಗ್ಯಾಲರಿ ಕಾಯ್ದೆಯ ಪ್ರಕಾರ ಇದನ್ನು ದೇಶಕ್ಕೆ ಉಡುಗೊರೆಯಾಗಿ ಕೊಡುತ್ತಿದ್ದೇವೆ, ಸ್ವೀಕರಿಸಬೇಕು ಎಂದು. ಹೆಸರೂ ‘ದ ಗಿಫ್ಟ್’.

ಈ ಉಡುಗೊರೆಯ ಚೇಷ್ಟೆ ಬಲು ಸೊಗಸು. ಎಣ್ಣೆ ಉರಿಸುತ್ತಿದ್ದ ಟರ್ಬೈನುಗಳ ಜಾಗಕ್ಕೆ ಗಾಳಿಯ ಟರ್ಬೈನು ಬಂದು ಮಲಗಿತು. ಎಣ್ಣೆ ಕಂಪನಿಯ ಕೊಡುಗೆಯನ್ನು ಕೈಚಾಚಿ ಪಡೆಯುವ ಮಂಡಳಿ ಈ ಕೊಡುಗೆಯನ್ನು ಏಕೆ ಬೇಡವೆನ್ನುತ್ತದೆ ಎಂದು ಕೂತು ಚರ್ಚಿಸಿ ಉತ್ತರ ಕೊಡಲೇಬೇಕಾಯಿತು. ಬೇಡವೆಂದಿತು. ಆದರೆ ಕೊಡುವುದೆಲ್ಲವೂ ದಾನವಲ್ಲ, ಪಡೆಯುವವನಿಗೆ ಬೇಡವೆನ್ನುವ ಅಧಿಕಾರ ಇದ್ದೇ ಇದೆ ಎಂಬುದು ಆ ನಿರಾಕರಣೆಯಿಂದಲೇ ಸಾಬೀತಾಯಿತು.

ನಮ್ಮ ನಾಡಿನ ದಾನಶಾಸನಗಳನ್ನು ನೋಡಿದವರಿಗೆ ಕೊಡುವವನ ಹೆಸರು ಕಲ್ಲಿನ ಮೇಲೆ ಇರುವುದು ಹೊಸದಲ್ಲ. ಗಣಪತಿ ಪೆಂಡಾಲಿನ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬೆಳಕಿಗೆ ಅಡ್ಡವಾಗಿ ಇರುತ್ತದೆ. ಆದರೆ ಶಾಸನದ ದಾನಿ ಕೊಟ್ಟದ್ದೇನು, ಎಷ್ಟು ಮತ್ತರು ಭೂಮಿ, ಎಲ್ಲೆ ಯಾವುದು, ಯಾವ ಕೆಲಸಕ್ಕೆ ಎಂಬುದೆಲ್ಲ ಬಯಲಲ್ಲೇ ಕೆತ್ತಿರುತ್ತದೆ. ಓದಲು ಬಂದವರೆಲ್ಲ ಓದಬಹುದು. ‘ಪ್ರಾಯೋಜಕ’ ಎಂಬ ಪದ ಕನ್ನಡದ ಮನೆಮನೆಗೆ ಬಂದದ್ದು ದೂರದರ್ಶನದ ಕಾಲದಲ್ಲಿ, ಧಾರಾವಾಹಿಗಿಂತ ಮುಂಚಿನ ಸೋಪಿನ ಜಾಹೀರಾತಿನ ಜೊತೆ. ದಾನಿಗೂ ಪ್ರಾಯೋಜಕನಿಗೂ ಇರುವ ವ್ಯತ್ಯಾಸ ಅಲ್ಲೇ ಇದೆ. ಪ್ರಾಯೋಜಕನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಮೊತ್ತ ಗುಟ್ಟಾಗಿರುತ್ತದೆ.

ಟೇಟ್‌ನಲ್ಲೂ ಮೊತ್ತವೇ ಗುಟ್ಟು. ಬಿಪಿ ಎಷ್ಟು ಕೊಡುತ್ತದೆ? ಪ್ಲಾಟ್‌ಫಾರ್ಮ್ ಎಂಬ ಸಂಸ್ಥೆ ಮತ್ತು ಅದರ ಜೊತೆಗಾರರು ಮಾಹಿತಿ ಹಕ್ಕಿನ ಕಾಯ್ದೆಯಡಿ ಕೇಳಿದರು. ಬ್ರಿಟನ್ನಿನ ಈ ಕಾಯ್ದೆ ಪೂರ್ತಿ ಜಾರಿಗೆ ಬಂದದ್ದು 2005ರಲ್ಲಿ, ನಮ್ಮದು ಬಂದ ವರ್ಷವೇ. ಟೇಟ್ ಕೊಟ್ಟ ಸಭಾ ನಡಾವಳಿಗಳಲ್ಲಿ ಮುಖ್ಯವಾದ ಸಾಲುಗಳ ಮೇಲೆಲ್ಲ ಕಪ್ಪು ಪಟ್ಟಿ ಬಳಿದಿತ್ತು. ನಮ್ಮಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದವರಿಗೆ ಪರಿಚಿತ ಅನುಭವ. ವ್ಯಾಜ್ಯ ಮಾಹಿತಿ ಆಯುಕ್ತರ ಬಳಿಗೂ, ಅಲ್ಲಿಂದ ನ್ಯಾಯಮಂಡಳಿಗೂ ಹೋಯಿತು.

ವ್ಯಾಜ್ಯ ನಡೆಯುತ್ತಿದ್ದಾಗಲೇ 2014ರಲ್ಲಿ ಟೇಟ್ ಮಾಡರ್ನ್‌ನಲ್ಲಿ ಕಝಿಮಿರ್ ಮಾಲೆವಿಚ್‌ನ ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ಮಾಲೆವಿಚ್‌ನ ಹೆಸರುವಾಸಿ ಚಿತ್ರ 1915ರ ‘ಕಪ್ಪು ಚೌಕ’. ಆ ಸೆಪ್ಟೆಂಬರಿನಲ್ಲಿ ಲಿಬರೇಟ್ ಟೇಟ್‌ನ ನೂರಕ್ಕೂ ಹೆಚ್ಚು ಮಂದಿ 64 ಚದರ ಮೀಟರಿನ ಒಂದು ಕಪ್ಪು ಬಟ್ಟೆ ತಂದು, ಅಂಚು ಹಿಡಿದು, ಟರ್ಬೈನ್ ಹಾಲ್‌ನಲ್ಲಿ ಏರಿಸುತ್ತ ಇಳಿಸುತ್ತ ನಿಂತರು. ಕಲಾಪ್ರಿಯರಿಗೆ ಮಾಲೆವಿಚ್ ಕಂಡ. ಅರ್ಜಿ ಹಾಕಿದವರಿಗೆ ಕಡತದ ಮೇಲಿನ ಮಸಿ ಕಂಡಿತು.

ನ್ಯಾಯಮಂಡಳಿ ಟೇಟ್ ವಿರುದ್ಧ ತೀರ್ಪು ಕೊಟ್ಟಿತು. 2015ರ ಜನವರಿಯಲ್ಲಿ ಅಂಕಿ ಹೊರಬಂತು. 1990ರಿಂದ 2006ರವರೆಗಿನ 17 ವರ್ಷಗಳಲ್ಲಿ ಬಿಪಿ ಕೊಟ್ಟದ್ದು ಒಟ್ಟು 38 ಲಕ್ಷ ಪೌಂಡ್. ಸರಾಸರಿ ವರ್ಷಕ್ಕೆ 2,24,000 ಪೌಂಡ್. ಅತಿ ಹೆಚ್ಚು ಕೊಟ್ಟ ವರ್ಷದಲ್ಲೂ 3,30,000 ದಾಟಲಿಲ್ಲ. ಟೇಟ್‌ನ ವಾರ್ಷಿಕ ಆದಾಯದ ಮುಂದೆ ಇದು ಶೇಕಡಾ ಒಂದಕ್ಕೂ ಕಡಿಮೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಾಯೋಜನೆಯನ್ನು ಸಮರ್ಥಿಸುತ್ತಿದ್ದವರ ದೊಡ್ಡ ವಾದ ಹಣದ್ದೇ ಆಗಿತ್ತು, ಅದು ಹುರುಳಿಲ್ಲದ್ದೇನಲ್ಲ. ಟೇಟ್‌ನ ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. 2010ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹೊಸ ಸರ್ಕಾರ ಸಂಸ್ಕೃತಿಯ ಅನುದಾನಕ್ಕೆ ಕತ್ತರಿ ಹಾಕಿತ್ತು. ಎಣ್ಣೆಯ ಹಣ ಬೇಡವೆಂದರೆ ಬಾಗಿಲು ತೆರೆದಿಡುವುದು ಹೇಗೆ, ಅದರ ಭಾರ ಕೊನೆಗೆ ಬೀಳುವುದು ಬಡವರ ಮೇಲಲ್ಲವೇ, ಎಂಬ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅಂಕಿ ಗುಟ್ಟಾಗಿರುವವರೆಗೆ ಈ ವಾದಕ್ಕೆ ಉತ್ತರವಿರಲಿಲ್ಲ. ಹೊರಬಂದ ಮೇಲೆ ಪ್ರಶ್ನೆಯ ಮುಖವೇ ತಿರುಗಿತು: ಇಷ್ಟು ಅಗ್ಗಕ್ಕೆ ಮಾರಿದಿರೇ? ಜಗತ್ತಿನ ಅತಿ ದೊಡ್ಡ ಎಣ್ಣೆ ಕಂಪನಿಗಳಲ್ಲಿ ಒಂದಕ್ಕೆ ಅದು ಕೈಗೆ ಅಂಟಿದ ಚಿಲ್ಲರೆ. ಅಷ್ಟಕ್ಕೆ ಟರ್ನರ್, ಕಾನ್‌ಸ್ಟೆಬಲ್‌ರ ಪಕ್ಕದಲ್ಲಿ ತನ್ನ ಹೆಸರು ಸಿಕ್ಕಿತ್ತು. 2013ರಲ್ಲಿ ಟೇಟ್ ಬ್ರಿಟನ್ ತನ್ನ ಸಂಗ್ರಹವನ್ನು ಕಾಲಾನುಕ್ರಮದಲ್ಲಿ ಹೊಸದಾಗಿ ಜೋಡಿಸಿದಾಗ ಆ ಇಡೀ ನಡಿಗೆಗೆ ಕೊಟ್ಟ ಹೆಸರು ‘ಬಿಪಿ ವಾಕ್ ಥ್ರೂ ಬ್ರಿಟಿಷ್ ಆರ್ಟ್’. ಐದು ಶತಮಾನದ ಚಿತ್ರಕಲೆ ಬಿಪಿಯ ಜೊತೆಯಲ್ಲಿ ಒಂದು ಸಂಜೆಯ ವಾಕಿಂಗ್ ಆಯಿತು. (ಆ ನವೆಂಬರಿನಲ್ಲಿ ಲಿಬರೇಟ್ ಟೇಟ್‌ನವರೂ ಅಲ್ಲಿ ವಾಕಿಂಗ್ ಹೋದರು. ಕೋಣೆಯಿಂದ ಕೋಣೆಗೆ, ದಶಕದಿಂದ ದಶಕಕ್ಕೆ, ಆಯಾ ಕಾಲದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತೆಂಬ ಸಂಖ್ಯೆಯನ್ನು ಗಟ್ಟಿಯಾಗಿ ಎಣಿಸುತ್ತ.)

ಹಣ ಸಣ್ಣದು, ಹಂಗು ದೊಡ್ಡದು. ಇದು ಹೊಸದೇನೂ ಅಲ್ಲ. 1984ರಲ್ಲಿ ಹ್ಯಾನ್ಸ್ ಹಾಕೆ ಎಂಬ ಕಲಾವಿದನ ಪ್ರದರ್ಶನ ಇದೇ ಟೇಟ್‌ನಲ್ಲಿ ನಡೆದಿತ್ತು. ಕಲೆಗೆ ಹಣ ಕೊಡುವ ಕಂಪನಿಗಳನ್ನೇ ವಸ್ತುವಾಗಿಟ್ಟುಕೊಂಡು ಕೃತಿ ಮಾಡಿದವನು ಆತ. ಮೊಬಿಲ್ ಎಣ್ಣೆ ಕಂಪನಿಯ ಲಾಂಛನ, ಜಾಹೀರಾತುಗಳನ್ನು ತಿರುಗಿಸಿ ಅದಕ್ಕೇ ಕನ್ನಡಿ ಹಿಡಿದಿದ್ದ. ಮೊಬಿಲ್ ಕಾನೂನು ಕ್ರಮದ ಬೆದರಿಕೆ ಹಾಕಿದ ಮೇಲೆ ಟೇಟ್ ಆ ಪ್ರದರ್ಶನದ ಕ್ಯಾಟಲಾಗ್ ಹಂಚುವುದನ್ನು ಕೆಲಕಾಲ ನಿಲ್ಲಿಸಿತು. ಬಿಪಿ ಹಣ ಬರುವುದಕ್ಕೆ ಇನ್ನೂ ಆರು ವರ್ಷವಿತ್ತು.

2015ರ ಜೂನ್‌ನಲ್ಲಿ ನಡೆದದ್ದು ‘ಟೈಮ್ ಪೀಸ್’. ಥೇಮ್ಸ್ ಸಮುದ್ರದ ಉಬ್ಬರವಿಳಿತಕ್ಕೆ ಸಿಕ್ಕುವ ನದಿ. ಒಂದು ಶನಿವಾರದ ಉಬ್ಬರದಿಂದ ಮರುದಿನದ ಉಬ್ಬರದವರೆಗೆ, ಅಂದರೆ 25 ಗಂಟೆ, 75 ಮಂದಿ ಟರ್ಬೈನ್ ಹಾಲ್‌ನ ಇಳಿಜಾರು ನೆಲದ ಮೇಲೆ ಮಂಡಿಯೂರಿ ಇದ್ದಿಲಿನಿಂದ ಬರೆದರು. ಹವಾಮಾನ ವಿಜ್ಞಾನದ, ಕಾದಂಬರಿಗಳ, ಕಲಾವಿಮರ್ಶೆಯ ಪುಸ್ತಕಗಳನ್ನು ನೋಡಿಕೊಂಡು ಸಾಲಿನ ಮೇಲೆ ಸಾಲು, ನದಿ ಏರಿದಂತೆ ಇಳಿಜಾರನ್ನು ಏರುತ್ತ. ರಾತ್ರಿ ಮ್ಯೂಸಿಯಂ ಮುಚ್ಚಿದರೂ ಅವರು ಏಳಲಿಲ್ಲ. ಕೊನೆಗೆ ಎದ್ದುಹೋದಾಗ ಉಳಿದದ್ದು ಒದ್ದೆ ಬಟ್ಟೆಗೆ ಹೋಗುವಂಥ ಬರಹ. ಇವರ ಎಲ್ಲ ಕೆಲಸಗಳಲ್ಲಿ ಇದೇ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವಂಥದು. ಆಘಾತ ಕೊಡುವ ಹಟವಿಲ್ಲ, ಶಾಲೆಯ ಕಾಪಿರೈಟಿಂಗಿನ ತಾಳ್ಮೆ ಮಾತ್ರ ಇದೆ.

2016ರ ಮಾರ್ಚ್‌ನಲ್ಲಿ ಸುದ್ದಿ ಬಂತು: ಮುಂದಿನ ವರ್ಷ ಮುಗಿಯುವ ಒಪ್ಪಂದವನ್ನು ಬಿಪಿ ನವೀಕರಿಸುವುದಿಲ್ಲ. 26 ವರ್ಷದ ನಂಟು ಕಡಿಯಿತು. ಕಂಪನಿ ಕೊಟ್ಟ ಕಾರಣ ವ್ಯಾಪಾರದ ಕಷ್ಟ, ಪ್ರತಿಭಟನೆಯಲ್ಲ. ಕಷ್ಟ ಇದ್ದದ್ದು ಸುಳ್ಳಲ್ಲ. ಆ ಜನವರಿಯಲ್ಲಿ ಕಚ್ಚಾ ಎಣ್ಣೆ ಬ್ಯಾರೆಲಿಗೆ 30 ಡಾಲರಿಗಿಂತ ಕೆಳಗೆ ಬಿದ್ದಿತ್ತು, ಹಿಂದಿನ ವರ್ಷ ಕಂಪನಿ ಭಾರಿ ನಷ್ಟ ತೋರಿಸಿತ್ತು. ಆದರೆ ಅದೇ ವರ್ಷದ ಜುಲೈನಲ್ಲಿ ಇದೇ ಬಿಪಿ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ರಾಯಲ್ ಒಪೆರಾ ಹೌಸ್, ರಾಯಲ್ ಶೇಕ್ಸ್‌ಪಿಯರ್ ಕಂಪನಿ ಎಂಬ ನಾಲ್ಕು ಸಂಸ್ಥೆಗಳೊಂದಿಗೆ ಐದು ವರ್ಷಕ್ಕೆ 75 ಲಕ್ಷ ಪೌಂಡಿನ ಹೊಸ ಒಪ್ಪಂದ ಮಾಡಿಕೊಂಡಿತು. ಅವರಿಗೆ ಕೊಡಲು ಇದ್ದ ಚಿಲ್ಲರೆ ಟೇಟ್‌ಗೆ ಮಾತ್ರ ಇರಲಿಲ್ಲವೆಂದರೆ ನಂಬುವುದು ಕಷ್ಟ. ವರ್ಷಕ್ಕೆರಡು ಸಲ ಕಪ್ಪು ಪರದೆಯವರು ಬಂದು ಗೋಡೆಯ ಮೇಲಿನ ಹೆಸರನ್ನೇ ಕತೆಯಾಗಿಸುವ ಕಡೆ ಹೆಸರು ಹಾಕಿಸಿಕೊಂಡು ಲಾಭವೇನು?

ಬೆಂಕಿ ಆಮೇಲೆ ಉಳಿದ ಮನೆಗಳಿಗೂ ಹಬ್ಬಿತು. ಶೇಕ್ಸ್‌ಪಿಯರ್ ಕಂಪನಿಗೆ ಬಿಪಿ ಹಣ ಬರುತ್ತಿದ್ದದ್ದು ಎಳೆಯರಿಗೆ 5 ಪೌಂಡಿನ ಅಗ್ಗದ ಟಿಕೆಟ್ ಕೊಡಲು. ಶಾಲೆ ಬಿಟ್ಟು ಹವಾಮಾನ ಮುಷ್ಕರಕ್ಕೆ ಇಳಿದ ಎಳೆಯರೇ ಆ ಟಿಕೆಟ್ ನಮಗೆ ಬೇಡ ಎಂದು ಪತ್ರ ಬರೆದರು. ನಟ ಮಾರ್ಕ್ ರೈಲನ್ಸ್ ಆ ಮೊದಲೇ ಸಂಸ್ಥೆಯಿಂದ ಹೊರಬಂದಿದ್ದರು. 2019ರ ಅಕ್ಟೋಬರಿನಲ್ಲಿ ನಾಟಕ ಕಂಪನಿ ಒಪ್ಪಂದ ಮುರಿಯಿತು. ಪೋರ್ಟ್ರೇಟ್ ಗ್ಯಾಲರಿ, ಒಪೆರಾ ಹೌಸ್ ಕೂಡ 2023ರ ಹೊತ್ತಿಗೆ ಕೈಬಿಟ್ಟವು. ಬ್ರಿಟಿಷ್ ಮ್ಯೂಸಿಯಂ ಮಾತ್ರ ಜಗ್ಗಲಿಲ್ಲ. 2020ರ ಫೆಬ್ರವರಿಯಲ್ಲಿ ಅಲ್ಲಿ ಟ್ರಾಯ್ ನಗರದ ಕತೆಯ ಪ್ರದರ್ಶನ, ಪ್ರಾಯೋಜಕ ಬಿಪಿ. ‘ಬಿಪಿ ಆರ್ ನಾಟ್ ಬಿಪಿ’ ಎಂಬ ನಾಟಕದವರ ಗುಂಪು ಸುಮಾರು 4 ಮೀಟರ್ ಎತ್ತರದ ಮರದ ಕುದುರೆ ಮಾಡಿ ಅಂಗಳಕ್ಕೆ ತಂದು ನಿಲ್ಲಿಸಿತು. ಉಡುಗೊರೆ ಹೊತ್ತು ಬಂದವರನ್ನು ನಂಬಿ ಊರು ಕೆಟ್ಟ ಕತೆಯನ್ನು ಮ್ಯೂಸಿಯಮ್ಮೇ ಟಿಕೆಟ್ ಇಟ್ಟು ಹೇಳುತ್ತಿದ್ದುದರಿಂದ ಹೆಚ್ಚು ವಿವರಣೆ ಬೇಕಾಗಲಿಲ್ಲ. ಆದರೂ 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಬಿಪಿಯಿಂದ 10 ವರ್ಷಕ್ಕೆ 5 ಕೋಟಿ ಪೌಂಡ್ ಪಡೆಯುವ ಒಪ್ಪಂದ ಪ್ರಕಟಿಸಿತು. ಹಂಗಿನ ದರ ಏರಿತ್ತು. ಅದೇ ಊರಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿ 2024ರ ಮಾರ್ಚ್‌ನಲ್ಲಿ ತೆರೆದ ಇಂಧನ ಗ್ಯಾಲರಿಯ ಹೆಸರಿನಲ್ಲಿ ಇರುವುದು ಭಾರತದ ಅದಾನಿ ಗ್ರೀನ್ ಎನರ್ಜಿ. ಅದೇ ಸಮೂಹ ಕಲ್ಲಿದ್ದಲು ಗಣಿಗಳನ್ನೂ ನಡೆಸುತ್ತದೆ ಎಂಬ ಆಕ್ಷೇಪ ಎದ್ದು, 2021ರಲ್ಲಿ ಈ ಪ್ರಾಯೋಜನೆ ಪ್ರಕಟವಾದಾಗಲೇ ಆ ಮ್ಯೂಸಿಯಮ್ಮಿನ ಇಬ್ಬರು ಧರ್ಮದರ್ಶಿಗಳು ರಾಜೀನಾಮೆ ಕೊಟ್ಟಿದ್ದರು.

ಟೇಟ್‌ನ ಕತೆಗೆ ಇನ್ನೊಂದು ತಿರುವಿದೆ. 2018ರ ಡಿಸೆಂಬರಿನಲ್ಲಿ ಟೇಟ್ ಮಾಡರ್ನ್ ಮುಂದೆ ಮತ್ತೆ ಮಂಜುಗಡ್ಡೆ ಬಂತು, ಈ ಸಲ ಆಹ್ವಾನದ ಮೇಲೆ. ಕಲಾವಿದ ಓಲಾಫುರ್ ಎಲಿಯಾಸನ್, ಭೂವಿಜ್ಞಾನಿ ಮಿನಿಕ್ ರೋಸಿಂಗ್ ಜೊತೆ ಸೇರಿ, ಗ್ರೀನ್‌ಲ್ಯಾಂಡಿನ ಸಮುದ್ರಕ್ಕೆ ಕಳಚಿ ಬಿದ್ದಿದ್ದ 24 ಗಡ್ಡೆಗಳನ್ನು ತಂದು ನದಿದಡದಲ್ಲಿ ಇಟ್ಟರು. ಜನ ಮುಟ್ಟಿದರು, ಕಿವಿಯಿಟ್ಟು ಒಳಗಿನ ಗಾಳಿಗುಳ್ಳೆ ಒಡೆಯುವ ಸದ್ದು ಕೇಳಿದರು, ಮಕ್ಕಳು ನೆಕ್ಕಿದರು. ಒಳ್ಳೆಯ ಕೆಲಸವೇ. ಆರು ವರ್ಷದ ಹಿಂದಿನ 55 ಕೆಜಿ ತುಂಡನ್ನು ಆಗ ಯಾರಾದರೂ ನೆನೆದರೋ ಏನೋ. ಆ ತುಂಡಿಗೆ ಒಳಗೆ ಬರಲು ಅನುಮತಿ ಇರಲಿಲ್ಲ. ಟೇಟ್‌ನ ಹಂಗು ಹರಿದ ಮೇಲೆ ಅಂಗಳದಲ್ಲೇ ಜಾಗ ಸಿಕ್ಕಿತು.

ಲಿಬರೇಟ್ ಟೇಟ್‌ನ ಕೆಲಸಗಳಲ್ಲಿ ಬಹುಪಾಲು ಈಗ ಉಳಿದಿಲ್ಲ. ಕಾಕಂಬಿ ತೊಳೆದುಹೋಯಿತು, ಮಂಜು ಕರಗಿತು, ಇದ್ದಿಲು ಒರೆಸಿಹೋಯಿತು. ಉಳಿದಿರುವುದು 2015ರ ಕೊನೆಯಲ್ಲಿ, ಪ್ಯಾರಿಸ್ ಹವಾಮಾನ ಸಮ್ಮೇಳನದ ಹೊತ್ತಿನಲ್ಲಿ ಮಾಡಿದ ‘ಬರ್ತ್‌ಮಾರ್ಕ್’. ಟೇಟ್ ಬ್ರಿಟನ್ನಿನ 1840ರ ದಶಕದ ಚಿತ್ರಗಳ ಕೋಣೆಯಲ್ಲಿ ಕಪ್ಪು ಬಟ್ಟೆಯವರು ಜೋಡಿಯಾಗಿ ಕೂತು ಒಬ್ಬರ ಮೈಮೇಲೆ ಇನ್ನೊಬ್ಬರು ಹಚ್ಚೆ ಹಾಕಿದರು. ನಮ್ಮ ಅಜ್ಜಿಯಂದಿರ ಮುಂಗೈ ಮೇಲೆ ರಂಗೋಲಿಯ ಎಳೆಯೋ ತವರಿನ ಹೆಸರೋ ಇರುತ್ತಿತ್ತು. ಮೈಮೇಲಿನ ಒಡವೆಯೆಲ್ಲ ಇಲ್ಲೇ ಉಳಿದು ಕೊನೆಗೆ ಜೊತೆಗೆ ಬರುವುದು ಹಚ್ಚೆಯೊಂದೇ ಎನ್ನುತ್ತಿದ್ದರು. ಇವರು ಹಾಕಿಸಿಕೊಂಡದ್ದು ಬರಿ ಒಂದು ಸಂಖ್ಯೆ: ತಾವು ಹುಟ್ಟಿದ ವರ್ಷ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಭಾಗವಿತ್ತು ಎಂಬುದು. 1975ರಲ್ಲಿ ಹುಟ್ಟಿದವರಾದರೆ 331. 1985ರವರಾದರೆ 346. ಬಿಪಿಯ ಹೆಸರು ಟೇಟ್‌ನ ಗೋಡೆ ಹತ್ತಿದ 1990ರಲ್ಲಿ ಹುಟ್ಟಿದವರಾದರೆ 354. ಆ ಹೆಸರು ಗೋಡೆಯಿಂದ ಇಳಿದ 2017ರಲ್ಲಿ ಸಂಖ್ಯೆ 407 ಆಗಿತ್ತು.